ಕಿತ್ತ ಕಳೆ ಹೊಲದಲ್ಲೇ ಕೊಳೆತಾಗ ರಾಗಿ ಮೊಳಕೆ ಏಕೆ ಸೊರಗುತ್ತದೆ?

ಮುಂಗಾರು ತಡವಾದ ವರ್ಷ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಖುಷ್ಕಿ ಹೊಲಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಬೇಸಿಗೆಯ ಅಡ್ಡಮಳೆಗೆ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಮೊಣಕಾಲೆತ್ತರ ಬೆಳೆದು ನಿಂತಿರುತ್ತದೆ. ಹದವಾದ ಮಳೆ ಬಿದ್ದ ಕೂಡಲೇ ರೋಟವೇಟರ್ ಹೊಡೆಸಿ ಗಿಡವನ್ನೆಲ್ಲ ಮಣ್ಣಿಗೆ ಸೇರಿಸುತ್ತಾರೆ, ಹದ ಆರುವ ಮೊದಲೇ ಅಂದರೆ ಮಾರನೇ ದಿನವೇ ಕೂರಿಗೆ ಹೂಡಿ ರಾಗಿ ಬಿತ್ತುತ್ತಾರೆ. ಹತ್ತು ದಿನದ ಮೇಲೆ ನೋಡಿದರೆ ಕಳೆ ದಟ್ಟವಾಗಿದ್ದ ಜಾಗದಲ್ಲೆಲ್ಲ ಪೈರು ತೆಳು. ಹುಟ್ಟಿದ್ದೂ ಬೆಳೆಯದೆ ಕುಳಿತಿರುತ್ತದೆ. ಬೈಗುಳ ಬೀಜ ಕೊಟ್ಟವರಿಗೆ ಹೋಗುತ್ತದೆ. ಅದೇ ಚೀಲದ ಬೀಜ ಪಕ್ಕದ ಶುಚಿ ಹೊಲದಲ್ಲಿ ಸೊಂಪಾಗಿ ಹುಟ್ಟಿದ್ದರೆ ತಪ್ಪು ಬೀಜದ್ದಲ್ಲ, ಬಿತ್ತಿದ ಹೊತ್ತಿನದು.

ಕಳೆ ಬೆಳೆಯ ನೀರು, ಗೊಬ್ಬರ, ಬಿಸಿಲು ಕಸಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೇಲಿನ ಹೊಲದಲ್ಲಿ ಕಳೆ ಸತ್ತು ಮಣ್ಣು ಸೇರಿತ್ತು, ಕಸಿಯಲು ಅದು ಬದುಕಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಅದರ ಎಲೆ, ಬೇರುಗಳಿಂದ ಮಣ್ಣಿನ ನೀರಿಗೆ ಇಳಿದ ರಾಸಾಯನಿಕಗಳು. ಒಂದು ಸಸ್ಯದ ರಾಸಾಯನಿಕ ಇನ್ನೊಂದರ ಬೆಳವಣಿಗೆಯನ್ನು ಬದಲಿಸುವ ಇಂಥ ಪ್ರಭಾವಕ್ಕೆ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಅಲ್ಲೆಲೋಪಥಿ ಎಂದು ಹೆಸರಿಟ್ಟರು. ಪಾರ್ಥೇನಿಯಂ ವಿಷಯದಲ್ಲಿ ಮೊದಮೊದಲ ಗಟ್ಟಿ ಕೆಲಸ ನಡೆದದ್ದು ನಮ್ಮಲ್ಲೇ. ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ 1979–80ರಲ್ಲಿ ಸಾಲಾಗಿ ಪ್ರಕಟಿಸಿದ ಪ್ರಬಂಧಗಳು ಈ ಗಿಡದ ಬೇರು, ಎಲೆ, ಕೊಳೆತ ಕಸ ಮೂರರಿಂದಲೂ ಬೆಳವಣಿಗೆ ತಡೆಯುವ ವಸ್ತುಗಳು ಹೊರಬರುತ್ತವೆ ಎಂದು ತೋರಿಸಿದವು. ಅದರ ಪರಾಗ ಬೇರೆ ಬೆಳೆಯ ಹೂವಿನ ಮೇಲೆ ಬಿದ್ದರೆ ಕಾಯಿ ಕಟ್ಟುವುದೂ ಕುಗ್ಗುತ್ತದೆ ಎಂಬುದನ್ನು ಹೇಳಿದವರೂ ಅವರೇ.

ಆ ವಸ್ತುಗಳು ಯಾವುವು? ಪಾರ್ಥೇನಿಯಂನಲ್ಲಿ ಮುಖ್ಯವಾದದ್ದು ಪಾರ್ಥೆನಿನ್. ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಇದು ತುಂಬಿರುತ್ತದೆ; ಗಿಡ ಮುಟ್ಟಿದವರ ಕೈ ತುರಿಸುವುದಕ್ಕೂ ಇದೇ ದೊಡ್ಡ ಕಾರಣ. ಜೊತೆಗೆ ಕೆಫೀಕ್, ಫೆರೂಲಿಕ್, ವೆನಿಲಿಕ್, ಪ್ಯಾರಾ-ಕೌಮಾರಿಕ್ ಮುಂತಾದ ಫೀನಾಲಿಕ್ ಆಮ್ಲಗಳಿವೆ. ಈ ಆಮ್ಲಗಳು ಪಾರ್ಥೇನಿಯಂನ ಸ್ವತ್ತೇನಲ್ಲ, ಕೊನ್ನಾರಿ ಕಳೆಯ ಗಡ್ಡೆ ಕೊಳೆತಾಗಲೂ ಭತ್ತದ ಹುಲ್ಲು ಕೊಳೆತಾಗಲೂ ಹುಟ್ಟುತ್ತವೆ. ಹೊರಬರುವ ದಾರಿ ನಾಲ್ಕು: ಮಳೆ, ಇಬ್ಬನಿ ಎಲೆಯನ್ನು ತೊಳೆದು ಇಳಿಸುವುದು, ಜೀವಂತ ಬೇರು ಒಸರುವುದು, ನೀಲಗಿರಿಯಂಥ ಗಿಡಗಳಲ್ಲಿ ಆವಿಯಾಗಿ ಹರಡುವುದು, ಸತ್ತ ಗಿಡ ಕೊಳೆಯುವಾಗ ಬಿಡುವುದು. ನಮ್ಮ ಹೊಲಗಳ ಮಟ್ಟಿಗೆ ಹೆಚ್ಚು ಹಾನಿ ಕೊನೆಯ ದಾರಿಯಿಂದಲೇ. ರೋಟವೇಟರ್ ಹಸಿ ಗಿಡವನ್ನು ಜಜ್ಜಿ, ಬೀಜ ಬೀಳುವ ಪದರದಲ್ಲೇ ಬೆರೆಸುತ್ತದೆ, ಅದೂ ಬೀಜ ನೀರು ಹೀರುವ ದಿನಗಳಲ್ಲೇ.

ಬೀಜದೊಳಗೆ ಏನಾಗುತ್ತದೆ?

ರಾಗಿ, ಭತ್ತದಂಥ ಕಾಳು ನೀರು ಕುಡಿದ ಮೇಲೆ ಭ್ರೂಣ ಗಿಬ್ಬರೆಲಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಕಾಳಿನ ಹೊರಪದರಕ್ಕೆ ತಲುಪಿದಾಗ ಅಲ್ಲಿ ಅಮೈಲೇಸ್ ಎಂಬ ಕಿಣ್ವ ತಯಾರಾಗುತ್ತದೆ; ಅಮೈಲೇಸ್ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಸಿಹಿಯಾಗಿರುವುದು ಇದರಿಂದಲೇ. ಫೀನಾಲಿಕ್ ಆಮ್ಲಗಳೂ ಪಾರ್ಥೆನಿನ್‌ನಂಥ ವಸ್ತುಗಳೂ ಇದ್ದಾಗ ಅಮೈಲೇಸ್‌ನ ಚಟುವಟಿಕೆ ಕುಗ್ಗುತ್ತದೆ. ಕಾಳಿನಲ್ಲಿ ಆಹಾರವಿದ್ದೂ ಭ್ರೂಣಕ್ಕೆ ಸಿಗುವುದಿಲ್ಲ. ಹೀಗಾದಾಗ ಮೊಳಕೆ ಪೂರ್ತಿ ನಿಲ್ಲಬೇಕೆಂದೇನಿಲ್ಲ. ಸಾಮಾನ್ಯವಾಗಿ ಎರಡನೇ ದಿನ ಬರಬೇಕಾದದ್ದು ನಾಲ್ಕನೇ ದಿನಕ್ಕೆ ಬರುತ್ತದೆ. ಆ ಎರಡು ದಿನದಲ್ಲಿ ಕೆಂಪು ಮಣ್ಣಿನ ಮೇಲ್ಪದರ ಬಿಸಿಲಿಗೆ ಗಟ್ಟಿಯಾಯಿತೋ, ಮೊಳಕೆ ಮೇಲೆ ಬರಲಾರದೆ ಒಳಗೇ ಸುರುಳಿ ಸುತ್ತಿ ಸಾಯುತ್ತದೆ. ತಡವೇ ಸಾವಿಗೆ ದಾರಿಯಾಗುತ್ತದೆ.

ಮೊಳಕೆಗಿಂತ ಹೆಚ್ಚು ಪೆಟ್ಟು ತಿನ್ನುವುದು ಬೇರು. ಬೇರಿನ ತುದಿಯಲ್ಲಿ ಜೀವಕೋಶಗಳು ಸತತವಾಗಿ ವಿಭಜನೆ ಆಗುತ್ತಿರುತ್ತವೆ, ವಿಷದ ನೀರಿಗೆ ಮೊದಲು ತಾಗುವುದೂ ಆ ತುದಿಯೇ. ಜೀವಕೋಶದ ಪೊರೆ ಸೋರತೊಡಗುತ್ತದೆ, ವಿಭಜನೆ ನಿಲ್ಲುತ್ತದೆ, ತುದಿ ಕಂದು ಬಣ್ಣಕ್ಕೆ ತಿರುಗಿ ದಪ್ಪವಾಗುತ್ತದೆ, ರೋಮಬೇರು ಕಡಿಮೆಯಾಗುತ್ತದೆ. ಆ ಬೇರು ರಂಜಕ, ಪೊಟ್ಯಾಷ್ ಹೀರುವುದೂ ಕಡಿಮೆ. ಹೀಗಾಗಿ ಕಾಂಡ ಹಸಿರಾಗಿ ಕಂಡರೂ ಪೈರು ಮೂರು ವಾರ ಬೆಳೆಯದೆ ಕುಳಿತಿರುತ್ತದೆ. ಅವರೆ, ಅಲಸಂದೆಯಂಥ ದ್ವಿದಳ ಬೆಳೆಗಳಲ್ಲಿ ಸಾರಜನಕ ಹಿಡಿಯುವ ಬೇರುಗಂಟು ಕಟ್ಟುವುದಕ್ಕೂ ಅಡ್ಡಿಯಾಗುವುದು ಕಂಡುಬಂದಿದೆ.

ರಾಗಿಯೇ ಏಕೆ ಇಷ್ಟು ಬೇಗ ಸೋಲುತ್ತದೆ? ಸಾವಿರ ರಾಗಿ ಕಾಳಿನ ತೂಕ ಸುಮಾರು 3 ಗ್ರಾಂ, ಸಾವಿರ ಭತ್ತದ್ದು 20–25 ಗ್ರಾಂ. ಸಣ್ಣ ಕಾಳಿನಲ್ಲಿ ದಾಸ್ತಾನು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಮೊದಲ ಬೇರು ಒಮ್ಮೆ ಸುಟ್ಟರೆ ಎರಡನೆಯದನ್ನು ಕಟ್ಟಲು ಬಂಡವಾಳವಿಲ್ಲ. ಸಾಸಿವೆ, ಎಳ್ಳು, ಟೊಮೆಟೊ, ಸೊಪ್ಪಿನ ಬೀಜಗಳೂ ಇದೇ ಗುಂಪಿಗೆ ಸೇರುತ್ತವೆ. ಅವರೆ, ಮುಸುಕಿನ ಜೋಳ ತಡೆದುಕೊಳ್ಳುತ್ತವೆ. ಅದೇ ಹೊಲದ ಅಕ್ಕಡಿ ಸಾಲಿನಲ್ಲಿ (ರಾಗಿಯ ನಡುವೆ ಹಾಕುವ ಮಿಶ್ರಬೆಳೆಯ ಸಾಲು) ಅವರೆ ಚೆನ್ನಾಗಿ ಹುಟ್ಟಿ ನಡುವಿನ ರಾಗಿ ಮಾತ್ರ ಸೊರಗಿದ್ದರೆ ಆ ಗುರುತು ನೆನಪಿನಲ್ಲಿಡಿ.

ಪ್ರಮಾಣದ ಲೆಕ್ಕ

ಈ ವಿಷಯದಲ್ಲಿ ಬರುವ ಬಹುಪಾಲು ಬರಹಗಳು ಎಡವುವುದು ಇಲ್ಲೇ. ಪ್ರಯೋಗಾಲಯದಲ್ಲಿ 100 ಮಿ.ಲೀ. ನೀರಿಗೆ 10 ಗ್ರಾಂ ಒಣ ಕಳೆಪುಡಿ ನೆನೆಸಿ, ಆ ಶೇ 10ರ ರಸದಲ್ಲಿ ಬೀಜ ಇಟ್ಟು, ಮೊಳಕೆ ಬರಲಿಲ್ಲ ಎಂದು ಬರೆಯುತ್ತಾರೆ. ಹೊಲದಲ್ಲಿ ಅಷ್ಟು ಗಟ್ಟಿ ರಸ ಇರುತ್ತದೆಯೇ? ಚದರ ಮೀಟರಿಗೆ 2 ಕೆ.ಜಿ. ಹಸಿ ಪಾರ್ಥೇನಿಯಂ ಇದೆಯೆನ್ನಿ, ಅದು ದಟ್ಟವಾದ ಕಳೆಯೇ. ಅದರಲ್ಲಿ ಶೇ 80 ನೀರು ಎಂದು ಹಿಡಿದರೆ ಒಣ ತೂಕ 400 ಗ್ರಾಂ. ಅದು 15 ಸೆಂ.ಮೀ. ಆಳದ ಮಣ್ಣಿಗೆ ಬೆರೆತರೆ ಆ ಮಣ್ಣಿನ ತೂಕ ಸುಮಾರು 200 ಕೆ.ಜಿ.; ತೇವಾಂಶ ಶೇ 20 ಇದ್ದರೆ ನೀರು 40 ಲೀಟರ್. 40 ಲೀಟರಿಗೆ 400 ಗ್ರಾಂ ಅಂದರೆ ಶೇ 1. ಪ್ರಯೋಗದ ರಸ ಇದರ ಹತ್ತು ಪಟ್ಟು. ಜೊತೆಗೆ ಮಣ್ಣಿನ ಜೇಡಿಯೂ ಸಾವಯವ ಅಂಶವೂ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ, ಸೂಕ್ಷ್ಮಜೀವಿಗಳು ಇನ್ನೊಂದು ಪಾಲನ್ನು ತಿಂದು ಮುಗಿಸುತ್ತವೆ.

ಹಾಗೆಂದು ಹೊಲದಲ್ಲಿ ತೊಂದರೆಯೇ ಇಲ್ಲ ಎನ್ನಲಾಗದು. ಜಜ್ಜಿದ ಕಳೆ ಎಲ್ಲ ಕಡೆ ಸಮನಾಗಿ ಬೆರೆಯುವುದಿಲ್ಲ, ಗುಪ್ಪೆ ಗುಪ್ಪೆಯಾಗಿ ಕೂರುತ್ತದೆ. ಗುಪ್ಪೆಯ ಪಕ್ಕ ಬಿದ್ದ ಕಾಳಿಗೆ ಶೇ 1 ಅಲ್ಲ, ಅದರ ಹಲವು ಪಟ್ಟು ತಗಲುತ್ತದೆ. ಪೈರು ಮಚ್ಚೆ ಮಚ್ಚೆಯಾಗಿ ಹುಟ್ಟುವುದಕ್ಕೆ ಇದೇ ಕಾರಣ. ನಾಗಮಂಗಲದ ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಹಿಡಿದಿಡುವ ಜೇಡಿ ಕಡಿಮೆ, ಹಾಗಾಗಿ ಪೆಟ್ಟು ಜೋರು. ಆದರೆ ಒಂದೆರಡು ಒಳ್ಳೆ ಮಳೆಗೆ ವಸ್ತು ತೊಳೆದು ಕೆಳಗಿಳಿಯುತ್ತದೆ. ನಂಜನಗೂಡು, ಟಿ. ನರಸೀಪುರ ಕಡೆಯ ಎರೆ ಭೂಮಿಯಲ್ಲಿ ಪೆಟ್ಟು ಮೆದು, ಬಿಡುಗಡೆಯೂ ನಿಧಾನ. ನೀರು ನಿಂತ ಗದ್ದೆಯ ಕಥೆ ಬೇರೆ: ಗಾಳಿಯಿಲ್ಲದ ಕೆಸರಿನಲ್ಲಿ ಫೀನಾಲಿಕ್ ಆಮ್ಲಗಳನ್ನು ತಿನ್ನುವ ಸೂಕ್ಷ್ಮಜೀವಿಗಳ ಕೆಲಸ ಮಂದವಾಗುತ್ತದೆ, ಅಸಿಟಿಕ್, ಬ್ಯುಟಿರಿಕ್‌ನಂಥ ಆಮ್ಲಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಗದ್ದೆಯಿಂದ ಹುಳಿ ನಾತ ಬರುತ್ತಿದ್ದರೆ ಅದು ಈ ಆಮ್ಲಗಳದ್ದು.

ಇನ್ನೊಂದು ವಿಚಿತ್ರ: ತೀರಾ ತೆಳು ರಸದಲ್ಲಿ ಬೇರು ಮಾಮೂಲಿಗಿಂತ ಉದ್ದವೂ ಆಗಬಹುದು. ಕಳೆ ಕೊಳೆಸಿದ ನೀರು ಹಾಕಿದೆ, ಪೈರು ಚಿಗುರಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅದನ್ನೇ ಗಟ್ಟಿಯಾಗಿ ಒಟ್ಲಿಗೆ (ಸಸಿ ಮಡಿಗೆ) ಸುರಿದವರ ಪೈರು ಸತ್ತದ್ದೂ ಸುಳ್ಳಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕಳೆಯನ್ನು ಹೂ ಬಿಡುವ ಮೊದಲು ಕಿತ್ತು, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. 10 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ 24 ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಸೋಸುಕಾಗದದಲ್ಲಿ ಇಳಿಸಿ. ಇದು ಶೇ 10. ಇದಕ್ಕೆ ನೀರು ಬೆರೆಸಿ ಶೇ 5, 2.5, 1, 0.5 ಮಾಡಿಕೊಳ್ಳಿ. ಬರಿ ನೀರಿನದೊಂದು ತಟ್ಟೆ ಇರಲೇಬೇಕು, ಅದಿಲ್ಲದೆ ಉಳಿದದ್ದಕ್ಕೆ ಅರ್ಥವಿಲ್ಲ. ಮುಚ್ಚಳವಿರುವ 9 ಸೆಂ.ಮೀ. ತಟ್ಟೆಗೆ ಎರಡು ಪದರ ಸೋಸುಕಾಗದ ಹಾಸಿ 5 ಮಿ.ಲೀ. ರಸ ಹಾಕಿ 25 ರಾಗಿ ಕಾಳು ಇಡಿ. ಪ್ರತಿ ಪ್ರಮಾಣಕ್ಕೂ ನಾಲ್ಕು ತಟ್ಟೆ, ಅಂದರೆ ನೂರು ಕಾಳು. ಮೊದಲ ಬೇರು 2 ಮಿ.ಮೀ. ಹೊರಬಂದರೆ ಮೊಳಕೆ ಎಂದು ಲೆಕ್ಕ. ದಿನವೂ ಎಣಿಸಿ, ರಾಗಿಗೆ ಮೊದಲ ಎಣಿಕೆ ನಾಲ್ಕನೇ ದಿನ, ಕೊನೆಯದು ಎಂಟನೇ ದಿನ ಎಂಬುದು ಬೀಜ ಪರೀಕ್ಷೆಯ ರೂಢಿ. ಕೊನೆಗೆ ಬೇರಿನ ಉದ್ದ ಅಳೆಯಿರಿ. ಬರಿ ನೀರಿನಲ್ಲಿ ಬೇರು 40 ಮಿ.ಮೀ., ರಸದಲ್ಲಿ 10 ಇದ್ದರೆ ತಡೆ ಶೇ 75. ಮೊಳಕೆಯ ಶೇಕಡಾವಾರು ಮಾತ್ರ ನೋಡಿ ಸುಮ್ಮನಾದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಮೊಳಕೆ ಶೇ 90 ಇದ್ದೂ ಬೇರು ಕಾಲುಭಾಗಕ್ಕೆ ಇಳಿದಿರುವುದು ಬಹಳ ಸಾಮಾನ್ಯ.

ಕೆಡುವುದು ಎಲ್ಲಿ? ರಸ ಸೆಖೆಗೆ ಒಂದೇ ದಿನದಲ್ಲಿ ಹುಳಿಯುತ್ತದೆ, ಹುಳಿತ ರಸ ಬೇರೆಯದೇ ವಸ್ತು. ಅಂದಂದೇ ಬಳಸಿ, ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಡಿ. ಕಾಳಿಗೆ ಬೂಷ್ಟು ಹಿಡಿದರೆ ಫಲಿತಾಂಶ ವ್ಯರ್ಥ. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಮೂರು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಬಳಸಿ. ಎಲ್ಲಕ್ಕಿಂತ ದೊಡ್ಡ ಮೋಸ ಉಪ್ಪಿನದು. ಗಟ್ಟಿ ಕಳೆರಸದಲ್ಲಿ ಲವಣಾಂಶ ಹೆಚ್ಚಿದ್ದು, ಕಾಳು ನೀರನ್ನೇ ಹೀರಲಾರದೆ ಮೊಳೆಯದಿರಬಹುದು. ಅದು ವಿಷದ ಕೆಲಸವಲ್ಲ. ರಸದ ಇ.ಸಿ.ಯನ್ನು (ವಿದ್ಯುತ್ ವಾಹಕತೆ, ಅಂದರೆ ಲವಣಾಂಶದ ಅಳತೆ) ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಅಳೆಸಿ, ಅಷ್ಟೇ ಇ.ಸಿ.ಯ ಉಪ್ಪುನೀರಿನಲ್ಲಿ ಇನ್ನೊಂದು ತಟ್ಟೆ ಇಡಿ. ಲೀಟರಿಗೆ 1 ಗ್ರಾಂ ಅಡುಗೆ ಉಪ್ಪು ಮೀಟರಿಗೆ ಸರಿಸುಮಾರು 2 ಡೆಸಿಸೀಮೆನ್ಸ್ ಇ.ಸಿ. ಕೊಡುತ್ತದೆ. ಎರಡರಲ್ಲೂ ಒಂದೇ ಇಳಿತ ಕಂಡರೆ ಕಳೆಯ ವಿಷವನ್ನು ದೂರಬೇಡಿ. ಮೊಳೆಯದ ಕಾಳನ್ನು ತೊಳೆದು ಬರಿ ನೀರಿಗೆ ಹಾಕಿ ನೋಡುವುದೂ ಒಳ್ಳೆಯದು. ಆಗ ಮೊಳೆತರೆ ಅದು ಬರಿ ತಡೆ, ಕಾಳು ಸತ್ತಿರಲಿಲ್ಲ.

ತಟ್ಟೆಗಿಂತ ಕುಂಡ ಹೆಚ್ಚು ನಿಜ ಹೇಳುತ್ತದೆ. ಕಳೆ ಮುಗ್ಗಿದ ಜಾಗದ ಮಣ್ಣು, ಅದೇ ಹೊಲದ ಶುಚಿ ಜಾಗದ ಮಣ್ಣು ತಂದು ಎರಡೆರಡು ಕುಂಡ ತುಂಬಿ ರಾಗಿ ಹಾಕಿ. ಕಳೆ ಮಣ್ಣಿನ ಒಂದು ಕುಂಡಕ್ಕೆ ನುಣ್ಣಗೆ ಪುಡಿ ಮಾಡಿದ ಕ್ರಿಯಾಶೀಲ ಇದ್ದಿಲನ್ನು ಕೆ.ಜಿ. ಮಣ್ಣಿಗೆ 10 ಗ್ರಾಂನಂತೆ ಬೆರೆಸಿ. ಇದ್ದಿಲು ಇಂಥ ವಸ್ತುಗಳನ್ನು ಹಿಡಿದಿಡುತ್ತದೆ. ಇದ್ದಿಲು ಬಿದ್ದ ಕುಂಡದಲ್ಲಿ ಪೈರು ಚೇತರಿಸಿದರೆ ಅನುಮಾನ ಬಲವಾಗುತ್ತದೆ.

ವೇಷ ಹಾಕಿದ ಬೇರೆ ಕಾರಣಗಳು

ಅಲ್ಲೆಲೋಪಥಿಯ ಚರಿತ್ರೆಯಲ್ಲೇ ಒಂದು ಎಚ್ಚರಿಕೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಪೊದೆಗಳ ಸುತ್ತ ಹುಲ್ಲು ಬೆಳೆಯದ ಬರಿ ಪಟ್ಟಿಗಳಿದ್ದವು. ಪೊದೆಯ ಆವಿಯೇ ಕಾರಣ ಎಂದು 1960ರ ದಶಕದಲ್ಲಿ ನಂಬಲಾಗಿತ್ತು. 1970ರಲ್ಲಿ ಬಾರ್ಥಲೊಮ್ಯೂ ಎಂಬ ಸಂಶೋಧಕ ಆ ಪಟ್ಟಿಗೆ ಜಾಲರಿ ಕಟ್ಟಿ ಇಲಿ, ಮೊಲ ಬರದಂತೆ ಮಾಡಿದಾಗ ಅಲ್ಲಿ ಹುಲ್ಲು ಬೆಳೆಯಿತು. ಪೊದೆಯಲ್ಲಿ ಅಡಗುವ ಪ್ರಾಣಿಗಳೇ ಬೀಜವನ್ನೂ ಚಿಗುರನ್ನೂ ತಿನ್ನುತ್ತಿದ್ದವು. ನಮ್ಮ ರಾಗಿಯನ್ನು ಇರುವೆ ಸಾಗಿಸುವುದಿಲ್ಲವೇ?

ಹಾಗಾಗಿ ಸೊರಗಿದ ಪೈರನ್ನು ಮಣ್ಣು ಸಮೇತ ಅಗೆದು ನೀರಿನಲ್ಲಿ ತೊಳೆದು ನೋಡಬೇಕು. ಬೇರು ಮೋಟಾಗಿ, ತುದಿ ಕಂದಾಗಿ ಇದ್ದು ಎಲೆ ಹಸಿರಾಗಿದ್ದರೆ ಕಳೆಯ ರಾಸಾಯನಿಕದ ಮೇಲೆ ಅನುಮಾನ. ಬೇರು ಉದ್ದವಾಗಿ ಬೆಳ್ಳಗಿದ್ದು ಕೆಳಗಿನ ಎಲೆಯಿಂದ ಹಳದಿ ಏರುತ್ತಿದ್ದರೆ ಅದು ಸಾರಜನಕದ ಹಸಿವು. ಒಣಹುಲ್ಲು, ಕಬ್ಬಿನ ಸೋಗೆಯಂಥ ಇಂಗಾಲ ಹೆಚ್ಚಿರುವ ಕಸ ಮಣ್ಣಿಗೆ ಸೇರಿದಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಸ್ವಲ್ಪ ಯೂರಿಯಾ ಕೊಟ್ಟು ವಾರದಲ್ಲಿ ಹಸಿರಾದರೆ ತೀರ್ಮಾನವಾಯಿತು. ಬುಡ ಸಣ್ಣಗಾಗಿ ನೀರು ಹಿಡಿದಂತಿದ್ದರೆ ಶಿಲೀಂಧ್ರದ ಬುಡಕೊಳೆ. ಮೊಳಕೆ ಮಣ್ಣಿನೊಳಗೇ ಬಾಗಿದ್ದರೆ ಹೆಪ್ಪುಗಟ್ಟಿದ ಮೇಲ್ಪದರ ಅಥವಾ ಆಳವಾದ ಬಿತ್ತನೆ. ರಾಗಿ 2–3 ಸೆಂ.ಮೀ.ಗಿಂತ ಆಳಕ್ಕೆ ಬೀಳಬಾರದು. ಕಾಳೇ ಇಲ್ಲದಿದ್ದರೆ ಇರುವೆ, ಹಕ್ಕಿ.

ಬಿತ್ತುವವರು ಮಾಡಬೇಕಾದದ್ದು

ಮದ್ದು ಒಂದೇ: ಕಾಲ, ಅದೂ ತೇವ ಮತ್ತು ಗಾಳಿಯಾಡುವ ಕಾಲ. ಹಸಿ ಕಳೆ ಮಣ್ಣಿಗೆ ಸೇರಿಸಿದ ಮೇಲೆ ರಾಗಿಗೆ ಕನಿಷ್ಠ 15 ದಿನ, ಕಳೆ ದಟ್ಟವಾಗಿದ್ದರೆ ಮೂರು ವಾರ ಬಿಡಬೇಕು. ಒಣ ಮಣ್ಣಿನಲ್ಲಿ ಕಳೆದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ, ಸೂಕ್ಷ್ಮಜೀವಿಗಳು ನೀರಿಲ್ಲದೆ ಕೆಲಸ ಮಾಡವು. ನಡುವೆ ಎರಡು ಸಲ ಕುಂಟೆ ಹೊಡೆದರೆ ಗಾಳಿಯಾಡುತ್ತದೆ, ಹೊಸದಾಗಿ ಹುಟ್ಟಿದ ಕಳೆಯೂ ಸಾಯುತ್ತದೆ. ಅಷ್ಟು ದಿನ ಕಾಯುವ ಹದ ಇಲ್ಲ ಎನ್ನುವವರು ಕಳೆಯನ್ನು ಮಣ್ಣಿಗೆ ಸೇರಿಸಲೇಬಾರದು. ಕುಯ್ದು, ಎಳೆದು ಹೊರಗೆ ಹಾಕಿ ಬಿತ್ತಲಿ. ಹೊರಗೆ ಎಂದರೆ ಮೇಲುಬದುವಿನ ಮೇಲೆ ರಾಶಿ ಹಾಕುವುದಲ್ಲ, ಮೊದಲ ಮಳೆಗೆ ಆ ರಾಶಿಯ ಕಷಾಯ ಹೊಲಕ್ಕೇ ಇಳಿಯುತ್ತದೆ.

ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂವಿಗೆ ಮೊದಲೇ ಕೀಳಬೇಕು; ಕೈಗವಸು, ಉದ್ದ ತೋಳಿನ ಅಂಗಿ ಇರಲಿ. ಕಿತ್ತದ್ದನ್ನು ಗೊಬ್ಬರ ಮಾಡಬಹುದು. ಗುಂಡಿಯಲ್ಲಿ 50 ಕೆ.ಜಿ. ಹಸಿ ಗಿಡದ ಪದರ, ಅದರ ಮೇಲೆ 5 ಕೆ.ಜಿ. ಸಗಣಿಯ ಬಗ್ಗಡ, ತೆಳುವಾಗಿ ಮಣ್ಣು, ಹೀಗೇ ಪದರದ ಮೇಲೆ ಪದರ ಏರಿಸಿ, ಮೇಲೆ ಮೆತ್ತಿ ನಾಲ್ಕೈದು ತಿಂಗಳು ಬಿಡಿ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಪಾರ್ಥೆನಿನ್ ಒಡೆದುಹೋಗಿರುತ್ತದೆ. ಕಳಿತಿದೆಯೋ ಇಲ್ಲವೋ ತಿಳಿಯಲು ಮೇಲಿನ ತಟ್ಟೆ ಪರೀಕ್ಷೆಯೇ ಸಾಕು. ಹೂ ಬಿಟ್ಟ ಗಿಡವನ್ನು ಗುಂಡಿಗೆ ಹಾಕಿದರೆ ಮಾತ್ರ ಗೊಬ್ಬರದ ಜೊತೆ ಕಳೆಬೀಜವನ್ನೂ ಹೊಲಕ್ಕೆ ಹೊತ್ತಂತೆ. ಬೀಜ ಉದುರಿದ ಜಾಗದಲ್ಲಿ ತಗಚೆ ಬಿತ್ತಿ ಪಾರ್ಥೇನಿಯಂ ಹತ್ತಿಕ್ಕುವ ಪದ್ಧತಿಯೂ ಇದೆ. ಅದನ್ನು ರಸ್ತೆಬದಿ, ಪಾಳು ಜಾಗಕ್ಕೆ ಬಳಸಿ, ಉಳುವ ಹೊಲಕ್ಕೆ ಬೇಡ.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ ನಾಟಿ ಮಾಡುವವರಿಗೆ ತೊಂದರೆ ಕಡಿಮೆ, ಏಕೆಂದರೆ ನಾಟಿಯ ಪೈರಿಗೆ ಆಗಲೇ ಬೇರು ಬಲಿತಿರುತ್ತದೆ. ಕೆಸರಿಗೇ ಮೊಳಕೆ ಚೆಲ್ಲುವವರು, ಡ್ರಮ್ ಸೀಡರ್ ಎಳೆಯುವವರು ಎಚ್ಚರ ವಹಿಸಬೇಕು. ಕಳೆ, ಹಸಿರೆಲೆ ತುಳಿದ ಮೇಲೆ ಎರಡು ವಾರ ಬಿಟ್ಟು, ಕಪ್ಪು ನೀರನ್ನು ಒಮ್ಮೆ ಬಸಿದು ಹೊಸ ನೀರು ಕಟ್ಟಿ, ಹುಳಿ ನಾತ ಹೋದ ಮೇಲೆ ಬಿತ್ತಬೇಕು. ಒಟ್ಲು ಮಡಿಗೆ ಕೊನ್ನಾರಿ ಇಲ್ಲದ ಜಾಗ ಆರಿಸಿ. ಕಳೆನಾಶಕಕ್ಕೆ ಕೊನ್ನಾರಿ ಒಣಗಿತೆಂದು ಕೂಡಲೇ ಮಡಿ ಕಟ್ಟಬೇಡಿ, ಮಣ್ಣೊಳಗಿನ ಗಡ್ಡೆ ಕೊಳೆಯುವುದು ಆಮೇಲೆ ಶುರುವಾಗುತ್ತದೆ. ಕೂಳೆ ಕಬ್ಬಿನಲ್ಲಿ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಸೋಗೆಯನ್ನು ಸಾಲು ಬಿಟ್ಟು ಸಾಲು ಹೊದಿಸಿ, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆದರೆ ಸಾಕು.

ಬೆಳೆಗಳಿಗೂ ಈ ವಿದ್ಯೆ ಗೊತ್ತು. ಜೋಳದ ಬೇರು ಒಸರುವ ಸೊರ್ಗೊಲಿಯೋನ್ ಸಣ್ಣ ಬೀಜದ ಕಳೆಗಳನ್ನು ಹತ್ತಿಕ್ಕುತ್ತದೆ. ಉದ್ಯಾನಗಳಲ್ಲಿ ಬೆಳೆಸುವ ಕೆಂಪು ಹೂವಿನ ಬಾಟಲ್ ಬ್ರಷ್ ಗಿಡದ ವಸ್ತುವಿನ ಜಾಡು ಹಿಡಿದೇ ಮೆಸೊಟ್ರಿಯೋನ್ ಎಂಬ ಕಳೆನಾಶಕ ಹುಟ್ಟಿತು. ಇದರ ಉಲ್ಟಾ ಆಟ ಕಬ್ಬು, ಜೋಳಕ್ಕೆ ಅಂಟುವ ಸ್ಟ್ರೈಗ ಎಂಬ ಪರಾವಲಂಬಿ ಕಳೆಯದು. ಬೆಳೆಯ ಬೇರು ಬಿಡುವ ಸ್ಟ್ರೈಗೊಲ್ಯಾಕ್ಟೋನ್ ಸಿಕ್ಕರಷ್ಟೇ ಅದರ ಬೀಜ ಮೊಳೆಯುತ್ತದೆ. ಅಲಸಂದೆ, ಹತ್ತಿಯ ಬೇರೂ ಅದನ್ನು ಮೊಳೆಯಿಸುತ್ತದೆ, ಆದರೆ ಅಂಟಿಕೊಳ್ಳಲು ಬಿಡದು. ಆಸರೆ ಸಿಗದ ಮೊಳಕೆ ಸಾಯುತ್ತದೆ. ಸ್ಟ್ರೈಗ ಇರುವ ಹೊಲದಲ್ಲಿ ಒಂದು ಹಂಗಾಮು ಅಲಸಂದೆ ಹಾಕುವುದಕ್ಕೆ ಇದು ಸಾಕಷ್ಟು ಕಾರಣ.

ಈಗಾಗಲೇ ಬಿತ್ತಿ ಕೆಟ್ಟಿದ್ದರೆ? ಕೂಡಲೇ ಮತ್ತೆ ಕೂರಿಗೆ ಹೂಡಬೇಡಿ, ಎರಡನೇ ಬೀಜಕ್ಕೂ ಅದೇ ಗತಿಯಾದೀತು. ಇನ್ನೊಂದು ಒಳ್ಳೆ ಮಳೆ ಆಗಲಿ, ಸಾಲಿನ ನಡುವೆ ಎಡೆಕುಂಟೆ ಹಾಯಿಸಿ. ಆ ಹೊತ್ತಿಗೆ ಕಳೆ ಇಲ್ಲದ ಜಾಗದಲ್ಲಿ, ಕಳಿತ ಗೊಬ್ಬರ ಹಾಕಿದ ಮಡಿಯಲ್ಲಿ ರಾಗಿ ಪೈರು ಎಬ್ಬಿಸಿಕೊಳ್ಳಿ. 21–25 ದಿನದ ಪೈರನ್ನು ಖಾಲಿ ಜಾಗಕ್ಕೆ, ಮಳೆ ಬಿದ್ದ ಸಂಜೆ, ಗುಣಿಗೆ ಎರಡರಂತೆ ನಾಟಿ ಮಾಡಿ.